ಬೆನ್ನಿನ ನೀರಿನಲ್ಲಿ ಏನನ್ನು ಹುಡುಕುತ್ತಾರೆ?

ವಾರ್ಡಿನಲ್ಲಿ ಡಾಕ್ಟರು ‘ಬೆನ್ನಿನಿಂದ ಸ್ವಲ್ಪ ನೀರು ತೆಗೆದು ಪರೀಕ್ಷೆ ಮಾಡಬೇಕು’ ಎಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. ಊರಿಗೆ ಫೋನು ಹೋಗುತ್ತದೆ. ‘ಬೇಡ ಮಾರಾಯ್ರೆ, ಬೆನ್ನಿನ ನೀರು ತೆಗೆದ್ರೆ ಸೊಂಟದಿಂದ ಕೆಳಗೆ ಬಲ ಹೋಗ್ತದೆ’ ಎಂದು ಆ ಕಡೆಯಿಂದ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಕಾಟಿಪಳ್ಳ, ಕೃಷ್ಣಾಪುರ, ಸುರತ್ಕಲ್ ಕಡೆಯ ಮನೆಗಳಲ್ಲಿ ಈ ಮಾತು ತುಳುವಿನಲ್ಲೂ ಇದೆ, ಬ್ಯಾರಿಯಲ್ಲೂ ಇದೆ. ಒಪ್ಪಿಗೆ ಪತ್ರಕ್ಕೆ ಸಹಿ ಬೀಳುವುದು ತಡವಾಗುತ್ತದೆ. ಕೆಲವರ ಮನೆಯಲ್ಲಿ ಸಹಿ ಬೀಳುವುದೇ ಇಲ್ಲ.

ಈ ಭಯ ನನ್ನನ್ನು ಕಾಡುವುದಕ್ಕೆ ಕಾರಣವಿದೆ. ಮಿದುಳು ಮತ್ತು ಬೆನ್ನುಹುರಿಯ ಕಾಯಿಲೆಗಳಲ್ಲಿ ಒಂದು ಗುಂಪನ್ನು, ನಮ್ಮದೇ ದೇಹ ತಯಾರಿಸಿದ ಪ್ರತಿಕಾಯಗಳು ನಮ್ಮದೇ ನರಮಂಡಲದ ಮೇಲೆ ತಿರುಗಿಬೀಳುವ ಕಾಯಿಲೆಗಳನ್ನು, ಇಂದು ಹೆಸರು ಹಿಡಿದು ಗುರುತಿಸಬಹುದು. ಗುರುತಿಸಿದರೆ ಚಿಕಿತ್ಸೆ ಇದೆ. ತಡವಾದರೆ ಕಣ್ಣು ಹೋಗುತ್ತದೆ, ಕಾಲು ಹೋಗುತ್ತದೆ. ಈ ಪ್ರತಿಕಾಯಗಳನ್ನು ಹಿಡಿಯುವ ಪರೀಕ್ಷೆಯನ್ನು ಸ್ವಂತವಾಗಿ ಕಟ್ಟಿಕೊಂಡ ಒಂದು ಪ್ರಯೋಗಾಲಯ ನಮ್ಮ ಮಂಗಳೂರಿನ ದೇರಳಕಟ್ಟೆಯಲ್ಲೇ ಇದೆ. ಕಾಟಿಪಳ್ಳದಿಂದ ಹೆದ್ದಾರಿ ಹಿಡಿದು ಕೂಳೂರು, ನಂತೂರು, ಪಂಪ್‌ವೆಲ್ ದಾಟಿ, ನೇತ್ರಾವತಿ ಸೇತುವೆ ಮೇಲಿಂದ ತೊಕ್ಕೊಟ್ಟಿಗೆ ಇಳಿದು ಹೋದರೆ 30 ಕಿ.ಮೀ. ಆಸುಪಾಸು.

ಮೊದಲು ಸೂಜಿಯ ಭಯವನ್ನೇ ನೋಡೋಣ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲೇ ಮುಗಿದುಹೋಗುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕನೆಯ ಅಥವಾ ನಾಲ್ಕು-ಐದನೆಯ ಮೂಳೆಗಳ ನಡುವೆ. ಅಲ್ಲಿ ಬೆನ್ನುಹುರಿಯೇ ಇಲ್ಲ. ದ್ರವದಲ್ಲಿ ತೇಲುವ ನರದ ಎಳೆಗಳು ಮಾತ್ರ ಇವೆ, ಸೂಜಿ ತಾಗಿದರೆ ಅವು ಪಕ್ಕಕ್ಕೆ ಸರಿಯುತ್ತವೆ. ಜರ್ಮನಿಯ ವೈದ್ಯ ಹೈನ್‌ರಿಷ್ ಕ್ವಿಂಕೆ 1891ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಸಿಸೇರಿಯನ್ ಹೆರಿಗೆಗೆ ಸೊಂಟಕ್ಕೆ ಕೊಡುವ ಅರಿವಳಿಕೆ ಚುಚ್ಚುಮದ್ದೂ ಹೆಚ್ಚುಕಡಿಮೆ ಇದೇ ಜಾಗಕ್ಕೆ ಬೀಳುತ್ತದೆ. ಅದಕ್ಕೆ ಧೈರ್ಯವಾಗಿ ಸಹಿ ಹಾಕುವ ಮನೆಯವರೇ ಇದಕ್ಕೆ ಹೆದರುತ್ತಾರೆ.

ನೀರು ಬತ್ತಿಹೋದೀತು ಎಂಬ ಚಿಂತೆಯೂ ಬೇಡ. ದೊಡ್ಡವರ ತಲೆ ಮತ್ತು ಬೆನ್ನಿನಲ್ಲಿ ಯಾವ ಹೊತ್ತಿಗೂ ಸುಮಾರು 150 ಮಿ.ಲೀ. ದ್ರವ ಇರುತ್ತದೆ. ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಹುಟ್ಟುತ್ತಲೇ ಇರುತ್ತದೆ, ಹಳೆಯದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಪರೀಕ್ಷೆಗೆ ತೆಗೆಯುವ 10-15 ಮಿ.ಲೀ. ಒಂದು ಗಂಟೆಯೊಳಗೆ ತುಂಬಿಕೊಳ್ಳುತ್ತದೆ. ಕೆಲವರಿಗೆ ಆಮೇಲೆ ತಲೆನೋವು ಬರುವುದು ನಿಜ. ಎದ್ದು ಕೂತರೆ ಹೆಚ್ಚು, ಮಲಗಿದರೆ ಕಡಿಮೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಮೊಂಡು ತುದಿಯ ಹೊಸ ಬಗೆಯ ಸೂಜಿ ಬಳಸಿದರೆ ಈ ತಲೆನೋವು ನೂರರಲ್ಲಿ 11 ಜನರಿಂದ 4 ಜನರಿಗೆ ಇಳಿಯುತ್ತದೆ ಎಂದು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದ್ದಾರೆ. ತಲೆಯೊಳಗೆ ಗಡ್ಡೆ ಅಥವಾ ಬಾವು ಇದ್ದು ಒತ್ತಡ ಏರಿದ್ದರೆ, ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದರೆ, ಸೂಜಿ ಹಾಕುವ ಜಾಗದಲ್ಲಿ ಸೋಂಕು ಇದ್ದರೆ ಇದನ್ನು ಮಾಡಬಾರದು. ಅದಕ್ಕೇ ಅನುಮಾನ ಇದ್ದವರಿಗೆ ಮೊದಲು ಸ್ಕ್ಯಾನ್ ಮಾಡಿಸುತ್ತಾರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತೀರಾ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಮನೆಯವರ ಕೆಲಸ.

ಇನ್ನು ದ್ರವದೊಳಗಿನ ವಿಷಯ. ರಕ್ತಕ್ಕೂ ಮಿದುಳಿಗೂ ನಡುವೆ ಬಿಗಿಯಾದ ತಡೆ ಇದೆ. ರಕ್ತದಲ್ಲಿ ಓಡಾಡುವ ಪ್ರತಿಕಾಯಗಳಲ್ಲಿ ತೀರಾ ಸ್ವಲ್ಪ ಮಾತ್ರ ಈ ತಡೆ ದಾಟಿ ಬೆನ್ನಿನ ನೀರಿಗೆ ಬರುತ್ತವೆ. ಹಾಗಾಗಿ ಆ ನೀರಿನಲ್ಲಿ ಪ್ರತಿಕಾಯ ಹೆಚ್ಚಾಗಿ ಕಂಡರೆ ವೈದ್ಯರು ಕೇಳುವ ಮೊದಲ ಪ್ರಶ್ನೆ: ಇದು ರಕ್ತದಿಂದ ಸೋರಿ ಬಂದದ್ದೋ, ಒಳಗೇ ತಯಾರಾದದ್ದೋ? ತಣ್ಣೀರುಬಾವಿ, ಪಣಂಬೂರು ಕಡೆ ಮನೆಯ ಬಾವಿ ಉಪ್ಪಾದರೆ ಕಡಲ ನೀರು ನುಗ್ಗಿದೆಯೋ ನೆಲದ ಗುಣವೋ ಎಂದು ತಿಳಿಯಲು ಸುತ್ತಲಿನ ನೀರನ್ನೂ ಜೊತೆಗಿಟ್ಟು ನೋಡಬೇಕಷ್ಟೆ. ಇಲ್ಲಿಯೂ ಹಾಗೆಯೇ. ಬೆನ್ನಿನ ನೀರು ತೆಗೆದ ಹೊತ್ತಿನಲ್ಲೇ ರಕ್ತವನ್ನೂ ತೆಗೆದು ಎರಡನ್ನೂ ಹೋಲಿಸುತ್ತಾರೆ. ಅಲ್ಬುಮಿನ್ ಎಂಬ ಪ್ರೋಟೀನು ಮಿದುಳಿನಲ್ಲಿ ತಯಾರಾಗುವುದಿಲ್ಲ. ನೀರಿನಲ್ಲಿ ಅದು ಎಷ್ಟಿದೆ ಎಂಬುದು ತಡೆ ಎಷ್ಟು ಸೋರಿದೆ ಎಂಬುದನ್ನು ಹೇಳುತ್ತದೆ. ಆ ಸೋರಿಕೆಯ ಲೆಕ್ಕ ಕಳೆದ ಮೇಲೂ ಪ್ರತಿಕಾಯ ಹೆಚ್ಚಿದ್ದರೆ ಅದು ಒಳಗೇ ಹುಟ್ಟಿದ್ದು. ‘ಬೆನ್ನಿನ ನೀರು ತೆಗೆದಾಗಿದೆ, ಮತ್ತೆ ರಕ್ತ ಯಾಕೆ?’ ಎಂದು ಮನೆಯವರು ನರ್ಸನ್ನು ಗದರುವುದುಂಟು. ಜೊತೆಗೆ ರಕ್ತ ಹೋಗದಿದ್ದರೆ ಆ ನೀರಿನ ವರದಿಗೆ ಅರ್ಧ ಬೆಲೆ.

ಇದನ್ನೇ ಇನ್ನೂ ಸೂಕ್ಷ್ಮವಾಗಿ ನೋಡುವ ಪರೀಕ್ಷೆಯಲ್ಲಿ ಪ್ರತಿಕಾಯಗಳನ್ನು ಜೆಲ್ಲಿನ ಮೇಲೆ ವಿದ್ಯುತ್ತಿನಿಂದ ಬಿಡಿಸುತ್ತಾರೆ. ರಕ್ತದಲ್ಲಿ ಇಲ್ಲದ, ಬೆನ್ನಿನ ನೀರಿನಲ್ಲಿ ಮಾತ್ರ ಇರುವ ಗೆರೆಗಳು ಕಂಡರೆ ಅವನ್ನು ಆಲಿಗೋಕ್ಲೋನಲ್ ಬ್ಯಾಂಡ್ ಎನ್ನುತ್ತಾರೆ. ನರದ ಹೊದಿಕೆ ಕಳಚುವ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್, ವೈದ್ಯರ ಬಾಯಲ್ಲಿ ಎಂಎಸ್, ಇರುವ ಯುರೋಪಿಯನ್ನರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿ ಈ ಗೆರೆಗಳು ಸಿಗುತ್ತವೆ. ನಮ್ಮ ದೇಶದ ವರದಿಗಳಲ್ಲಿ ಆ ಪ್ರಮಾಣ ಅದಕ್ಕಿಂತ ಕಡಿಮೆ. ಎಂಎಸ್ ನಿರ್ಣಯಕ್ಕೆ ಜಗತ್ತು ಬಳಸುವ ಮಾನದಂಡಗಳನ್ನು 2017ರಲ್ಲಿ ಪರಿಷ್ಕರಿಸಿದಾಗ ಈ ಗೆರೆಗಳಿಗೆ ಹೆಚ್ಚಿನ ಬೆಲೆ ಕೊಟ್ಟರು. ಮೊದಲ ಸಲ ಕಾಯಿಲೆ ಕಾಣಿಸಿದವರಲ್ಲಿ ಎರಡನೆಯ ದಾಳಿಗೆ ಕಾಯದೆ ಚಿಕಿತ್ಸೆ ಶುರು ಮಾಡಲು ಇದರಿಂದ ದಾರಿಯಾಯಿತು.

ಬೆನ್ನಿನ ನೀರಿನಲ್ಲಿ ಪ್ರತಿಕಾಯ ಹುಡುಕುವ ಕೆಲಸ ಶುರುವಾದದ್ದು ಹುಚ್ಚಾಸ್ಪತ್ರೆಗಳಲ್ಲಿ ಎಂಬುದನ್ನು ಇಲ್ಲಿ ಹೇಳಲೇಬೇಕು. 1906ರಲ್ಲಿ ಆಗಸ್ಟ್ ಫಾನ್ ವಾಸರ್‌ಮನ್ ಮತ್ತು ಫೆಲಿಕ್ಸ್ ಪ್ಲೌಟ್ ಎಂಬ ಜರ್ಮನ್ ವೈದ್ಯರು ಬುದ್ಧಿಭ್ರಮಣೆಯಾದ ರೋಗಿಗಳ ಬೆನ್ನಿನ ನೀರಿನಲ್ಲಿ ಸಿಫಿಲಿಸ್ ರೋಗದ ಪ್ರತಿಕ್ರಿಯೆಯನ್ನು ತೋರಿಸಿದರು. ಅಲ್ಲಿಯತನಕ ಮನಸ್ಸಿನ ಕಾಯಿಲೆ ಎಂದುಕೊಂಡದ್ದು ಮಿದುಳಿನ ಸೋಂಕು ಎಂದಾಯಿತು. ನೂರು ವರ್ಷದ ಮೇಲೆ ಅದೇ ಕತೆ ಬೇರೆ ಕಾಯಿಲೆಯಲ್ಲಿ ಮರುಕಳಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಕರ್ನಾಟಕದಲ್ಲಿ ಈ ಪರೀಕ್ಷೆಗಳ ದೊಡ್ಡ ಮನೆ ಬೆಂಗಳೂರಿನ ನಿಮ್ಹಾನ್ಸ್. ಮಂಡ್ಯ, ಕೋಲಾರ, ಬಳ್ಳಾರಿ ಕಡೆ ದಶಕಗಳಿಂದ ಮಕ್ಕಳನ್ನು ಕಾಡಿದ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರವನ್ನು ಖಚಿತಪಡಿಸುವುದು ಬೆನ್ನಿನ ನೀರಿನಲ್ಲಿ ಸಿಗುವ ಐಜಿಎಂ ಎಂಬ ಬಗೆಯ ಪ್ರತಿಕಾಯದಿಂದ. ಈ ಸೋಂಕು ತಗಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಅವರ ರಕ್ತದಲ್ಲೂ ಪ್ರತಿಕಾಯ ಇದ್ದೀತು. ಲಸಿಕೆ ಪಡೆದವರಲ್ಲೂ ಇದ್ದೀತು. ಬೆನ್ನಿನ ನೀರಿನಲ್ಲಿ ಸಿಕ್ಕರೆ ಮಾತ್ರ ವೈರಸ್ಸು ಮಿದುಳಿಗೆ ಹೋಗಿದೆ ಎಂದು ಗಟ್ಟಿಯಾಗಿ ಹೇಳಬಹುದು. ಜ್ವರ ಬಂದ ಮೊದಲ ದಿನಗಳಲ್ಲಿ ತೆಗೆದ ನೀರಿನಲ್ಲಿ ಅದು ಸಿಗದೆ ಹೋಗಬಹುದು, ಆಗ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಈ ಜ್ವರದ ವಿರುದ್ಧ 2022ರ ಡಿಸೆಂಬರಿನಲ್ಲಿ ನಮ್ಮ ದಕ್ಷಿಣ ಕನ್ನಡ, ಉಡುಪಿಯೂ ಸೇರಿ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕೆ ಅಭಿಯಾನ ನಡೆಯಿತು.

ದಡಾರದ ಕತೆ ಇನ್ನೂ ದುಃಖದ್ದು. ಎಳವೆಯಲ್ಲಿ ದಡಾರ ಬಂದು ವಾಸಿಯಾದ ಮಗು ಏಳೆಂಟು ವರ್ಷದ ಮೇಲೆ ಶಾಲೆಯಲ್ಲಿ ಹಿಂದೆ ಬೀಳತೊಡಗುತ್ತದೆ. ಕೈಯಲ್ಲಿದ್ದ ಲೋಟ ಬೀಳುತ್ತದೆ, ನಡೆಯುವಾಗ ಮೈ ಒಮ್ಮೆಲೆ ಜಗ್ಗುತ್ತದೆ. ಎಸ್‌ಎಸ್‌ಪಿಇ ಎಂಬ ಈ ಕಾಯಿಲೆಯಲ್ಲಿ ಬೆನ್ನಿನ ನೀರಿನ ತುಂಬ ದಡಾರದ ಪ್ರತಿಕಾಯಗಳಿರುತ್ತವೆ. ಕಾಯಿಲೆಯ ಹೆಸರನ್ನು ಪರೀಕ್ಷೆ ಹೇಳುತ್ತದೆ. ಗುಣಪಡಿಸುವ ಔಷಧ ಇಲ್ಲ. ತಡೆಯುವ ದಾರಿ ದಡಾರದ ಲಸಿಕೆ ಒಂದೇ. ‘ಸೂಜಿ ಬೇಡ’ ಎಂದು ಅಂಗನವಾಡಿ ಕಾರ್ಯಕರ್ತೆಯನ್ನು ವಾಪಸ್ ಕಳಿಸುವ ಮನೆಯವರಿಗೆ ಈ ಮಾತು ತಲುಪಬೇಕು.

ಈಗ ದೇರಳಕಟ್ಟೆಗೆ ಬರೋಣ. ಅಲ್ಲಿ ನಿಟ್ಟೆ ವಿಶ್ವವಿದ್ಯಾಲಯದ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ಜೊತೆಗಾರರು ನರದ ಹೊದಿಕೆ ಕಳಚುವ ಕಾಯಿಲೆಗಳ ಬೆನ್ನು ಹತ್ತಿದರು. ಇಂಥ ರೋಗಿಗಳ ದಾಖಲೆಯನ್ನು ಮಂಗಳೂರಿನ ಹೆಸರಿನಲ್ಲೇ ಕಟ್ಟಿದರು. ಎಂಎಸ್ ಬಿಳಿಯರ ಕಾಯಿಲೆ, ನಮ್ಮಲ್ಲಿ ಅಪರೂಪ ಎಂಬ ನಂಬಿಕೆ ಆಗ ವೈದ್ಯರಲ್ಲೂ ಇತ್ತು. ಹಳೆಯ ಅಂದಾಜುಗಳು ಲಕ್ಷಕ್ಕೆ ಒಬ್ಬರ ಆಸುಪಾಸಿನಲ್ಲಿದ್ದವು. ಮಂಗಳೂರು ನಗರದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಎಂಎಸ್ ಲಕ್ಷಕ್ಕೆ ಸುಮಾರು 8 ಜನರಲ್ಲಿ ಕಂಡಿತು. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇತ್ತು: ನ್ಯೂರೋಮೈಲೈಟಿಸ್ ಆಪ್ಟಿಕಾ, ಅಂದರೆ ಎನ್‌ಎಂಓ, ಲಕ್ಷಕ್ಕೆ ಸುಮಾರು 2.6.

ಎನ್‌ಎಂಓ ಕಣ್ಣಿನ ನರಕ್ಕೂ ಬೆನ್ನುಹುರಿಗೂ ಒಟ್ಟಿಗೆ ಅಥವಾ ಒಂದಾದ ಮೇಲೊಂದು ಹೊಡೆಯುತ್ತದೆ. ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಕೆಲವರಲ್ಲಿ ಇದು ಶುರುವಾಗುವುದು ಬಿಡದ ಬಿಕ್ಕಳಿಕೆ ಮತ್ತು ವಾಂತಿಯಿಂದ; ಹೊಟ್ಟೆಯ ಡಾಕ್ಟರರ ಬಳಿ ಎಂಡೋಸ್ಕೋಪಿ ಆಗಿ, ಗ್ಯಾಸಿನ ಮಾತ್ರೆ ತಿಂದು ವಾರಗಳು ಕಳೆದುಹೋಗುತ್ತವೆ. ಫ್ರಾನ್ಸಿನ ಯೂಜೀನ್ ದೆವಿಕ್ 1894ರಲ್ಲಿ ವಿವರಿಸಿದ ಈ ಕಾಯಿಲೆಯನ್ನು ನೂರು ವರ್ಷ ಎಂಎಸ್‌ನ ಒಂದು ಬಗೆ ಎಂದೇ ಅನೇಕರು ತಿಳಿದಿದ್ದರು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಂಡಾ ಲೆನನ್ ಮತ್ತು ಸಂಗಡಿಗರು ಎನ್‌ಎಂಓ ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯ ಕಂಡರು. ಮರುವರ್ಷ ಅದರ ಗುರಿಯೂ ತಿಳಿಯಿತು: ಆಕ್ವಪೊರಿನ್-4. ಮಿದುಳಿನ ಆಸ್ಟ್ರೋಸೈಟ್ ಎಂಬ ಜೀವಕೋಶಗಳ ಪೊರೆಯಲ್ಲಿ ನೀರು ಹಾಯುವ ದಾರಿ ಅದು. ಇಂಥ ನೀರಿನ ದಾರಿಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂದಿತ್ತು.

ಹೆಸರು ಬೇರೆಯಾದದ್ದು ಪುಸ್ತಕದ ಮಾತಾಗಿ ಉಳಿಯಲಿಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್, ನಟಲಿಜುಮ್ಯಾಬ್ ಎನ್‌ಎಂಓ ರೋಗಿಗೆ ಕೊಟ್ಟರೆ ಕಾಯಿಲೆ ಉಲ್ಬಣಿಸಬಹುದು. ಎನ್‌ಎಂಓಗೆ ಬೇಕಾದದ್ದು ದಾಳಿಯ ಹೊತ್ತಿಗೆ ಸ್ಟೀರಾಯ್ಡ್ ಮತ್ತು ಪ್ಲಾಸ್ಮಾ ಬದಲಾವಣೆ, ಆಮೇಲೆ ವರ್ಷಗಟ್ಟಲೆ ಅಜಾಥಯೊಪ್ರಿನ್, ಮೈಕೊಫಿನೊಲೇಟ್, ರಿಟಕ್ಸಿಮ್ಯಾಬ್‌ನಂಥ ಔಷಧ. ಒಂದೊಂದು ದಾಳಿಯೂ ಕಣ್ಣಿನಲ್ಲಿ, ಕಾಲಿನಲ್ಲಿ ಒಂದಿಷ್ಟು ನಷ್ಟ ಬಿಟ್ಟುಹೋಗುವ ಕಾಯಿಲೆಯಲ್ಲಿ ಮುಂದಿನ ದಾಳಿಯನ್ನು ತಪ್ಪಿಸುವುದೇ ಚಿಕಿತ್ಸೆ.

ಎನ್‌ಎಂಓದ ಪ್ರತಿಕಾಯ ಹಿಡಿಯುವ ಪರೀಕ್ಷೆಯ ಕೆಲಸ ಹೀಗೆ: ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳಿಗೆ ಆಕ್ವಪೊರಿನ್-4ರ ಜೀನ್ ಸೇರಿಸುತ್ತಾರೆ. ಆ ಕೋಶಗಳು ತಮ್ಮ ಮೈಮೇಲೆ ಆ ಪ್ರೋಟೀನನ್ನು ಅದರ ಸಹಜ ಆಕಾರದಲ್ಲೇ ಹೊತ್ತುಕೊಳ್ಳುತ್ತವೆ. ರೋಗಿಯ ರಕ್ತದ ಸೀರಂ ಹಾಕುತ್ತಾರೆ. ಪ್ರತಿಕಾಯ ಇದ್ದರೆ ಅಂಟಿಕೊಳ್ಳುತ್ತದೆ, ಇಲ್ಲದಿದ್ದರೆ ತೊಳೆದುಹೋಗುತ್ತದೆ. ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ಅಂಚುಗಳು ಬೆಳಗುತ್ತವೆ. ಸಾಮಾನ್ಯ ಎಲೈಸಾ ವಿಧಾನಕ್ಕಿಂತ ಇದು ಹೆಚ್ಚು ನಂಬಿಕೆಯದ್ದು. ಆದರೆ ಕೋಶಗಳನ್ನು ಬೆಳೆಸಿ ಕಾಪಾಡುವ ವ್ಯವಸ್ಥೆ ಬೇಕು, ಹೊಳಪನ್ನು ಓದುವ ನುರಿತ ಕಣ್ಣು ಬೇಕು. ಲೇಖಾ ಪಂಡಿತರ ತಂಡ ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದ ತಜ್ಞರ ಜೊತೆ ಸೇರಿ ದಕ್ಷಿಣ ಭಾರತದ ರೋಗಿಗಳ ಪ್ರತಿಕಾಯಗಳ ಬಗ್ಗೆ 2016ರಲ್ಲಿ ಬರೆಯಿತು. ತನ್ನದೇ ಕೋಶ ಆಧಾರಿತ ಪರೀಕ್ಷೆಯನ್ನು ಮಂಗಳೂರಿನಲ್ಲಿ ನೆಲೆಗೊಳಿಸಿತು. ಮಾಗ್ ಎಂಬ ಇನ್ನೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನೂ ಹುಡುಕಿತು. ಮಕ್ಕಳಲ್ಲಿ ಹೆಚ್ಚು ಕಾಣುವ, ಸ್ಟೀರಾಯ್ಡ್‌ಗೆ ಚೆನ್ನಾಗಿ ಬಗ್ಗುವ, ಎಂಎಸ್ಸೂ ಅಲ್ಲದ ಎನ್‌ಎಂಓವೂ ಅಲ್ಲದ ಮೂರನೆಯ ಕಾಯಿಲೆಯ ಗುರುತು ಅದು. ಹೊರದೇಶಕ್ಕೆ ಮಾದರಿ ಕಳಿಸಿ ಕಾಯುವ ಕಾಲದಿಂದ ಇಲ್ಲಿಗೆ ಬಂದದ್ದು ನನ್ನ ಲೆಕ್ಕದಲ್ಲಿ ಯಾವ ಕಾರ್ಖಾನೆ, ಬಂದರಿಗಿಂತಲೂ ಕಡಿಮೆಯ ಸಾಧನೆಯಲ್ಲ. ಪಣಂಬೂರಿನ ಬಂದರಿಗಾಗಿ ನೆಲ ಬಿಟ್ಟು ಎದ್ದು ಬಂದವರ ಬ್ಲಾಕುಗಳಿರುವ ಕಾಟಿಪಳ್ಳದಲ್ಲಿ ನಿಂತು ಈ ಮಾತನ್ನು ಪೂರ್ಣ ಗೌರವದಿಂದ ಹೇಳುತ್ತಿದ್ದೇನೆ.

ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಬೇಕು. ಆಕ್ವಪೊರಿನ್-4 ಮತ್ತು ಮಾಗ್ ಪ್ರತಿಕಾಯಗಳನ್ನು ಮೊದಲು ಹುಡುಕಬೇಕಾದದ್ದು ರಕ್ತದಲ್ಲಿ. ಅವು ಹೆಚ್ಚಾಗಿ ರಕ್ತದಲ್ಲಿ ಹುಟ್ಟಿ ಒಳಗೆ ಹೋಗುವಂಥವು. ಬೆನ್ನಿನ ನೀರಿನಲ್ಲಿ ಮಾತ್ರ ನೋಡಿದರೆ ಕೈತಪ್ಪುವ ಸಂಭವ ಹೆಚ್ಚು. ಅಂಥವರಲ್ಲಿ ಬೆನ್ನಿನ ನೀರು ಬೇಕಾಗುವುದು ಬೇರೆ ಕಾರಣಕ್ಕೆ: ಕ್ಷಯದಂಥ ಸೋಂಕು ಇಲ್ಲ ಎಂದು ಖಚಿತಪಡಿಸಲು, ಕೋಶಗಳನ್ನು ಎಣಿಸಲು, ಎಂಎಸ್‌ನ ಗೆರೆಗಳಿವೆಯೇ ಎಂದು ನೋಡಲು.

ಎನ್‌ಎಂಡಿಎ ಗ್ರಾಹಕ ಎಂಬ ಮಿದುಳಿನ ಪ್ರೋಟೀನಿನ ವಿರುದ್ಧದ ಪ್ರತಿಕಾಯದಿಂದ ಬರುವ ಮಿದುಳು ಉರಿಯೂತದಲ್ಲಿ ಇದು ತಿರುಗುಮುರುಗು. ಮೊದಲೇ ಹೇಳಿದ ನೂರು ವರ್ಷದ ನಂತರದ ಕತೆ ಇದೇ. 2007ರಲ್ಲಿ ಜೋಸೆಫ್ ಡಾಲ್ಮಾವ್ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. ಹೆಚ್ಚಾಗಿ ಹರೆಯದ ಹುಡುಗಿಯರಲ್ಲಿ, ಮಕ್ಕಳಲ್ಲಿ ಕಾಣುತ್ತದೆ. ನಿನ್ನೆಯವರೆಗೆ ಕಾಲೇಜಿಗೆ ಹೋಗುತ್ತಿದ್ದವಳು ಕೆಲವೇ ದಿನಗಳಲ್ಲಿ ನಿದ್ದೆ ಬಿಡುತ್ತಾಳೆ, ಸಂಬಂಧವಿಲ್ಲದ್ದನ್ನು ಮಾತಾಡುತ್ತಾಳೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಎನ್ನುತ್ತಾಳೆ. ಆಮೇಲೆ ಫಿಟ್ಸ್, ಬಾಯಿ ಮುಖದ ವಿಚಿತ್ರ ಚಲನೆ, ಮಾತು ನಿಲ್ಲುವುದು. ಮನೆಯವರು ದರ್ಶನಕ್ಕೆ ಹೋಗುತ್ತಾರೆ, ನೂಲು ಕಟ್ಟಿಸುತ್ತಾರೆ, ಮಾನಸಿಕ ವೈದ್ಯರ ಬಳಿ ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಕಣ್ಣೆದುರು ಮಗಳು ಬೇರೆಯೇ ಆಗುತ್ತಿರುವಾಗ ಹೆತ್ತವರು ಯಾವ ಬಾಗಿಲನ್ನಾದರೂ ತಟ್ಟುತ್ತಾರೆ. ದೈವದ ಮುಂದೆ ಕೈ ಮುಗಿಯಲಿ, ದರ್ಗಾಕ್ಕೂ ಹೋಗಲಿ. ಅದೇ ವಾರ ನರರೋಗ ತಜ್ಞರ ಬಳಿಯೂ ಹೋಗಬೇಕು ಎಂಬುದಷ್ಟೇ ನನ್ನ ಮಾತು.

ಈ ಕಾಯಿಲೆಯಲ್ಲಿ ಬೆನ್ನಿನ ನೀರೇ ಮುಖ್ಯ ಸಾಕ್ಷಿ. 2014ರಲ್ಲಿ 250 ರೋಗಿಗಳ ಮಾದರಿ ಪರೀಕ್ಷಿಸಿದಾಗ ಎಲ್ಲರ ಬೆನ್ನಿನ ನೀರಿನಲ್ಲೂ ಪ್ರತಿಕಾಯ ಸಿಕ್ಕಿತು. ರಕ್ತದಲ್ಲಿ ಏಳರಲ್ಲಿ ಒಬ್ಬರಿಗೆ ಸಿಗಲಿಲ್ಲ. ಅಂದರೆ ರಕ್ತ ಮಾತ್ರ ನೋಡಿ ‘ಇಲ್ಲ’ ಎಂದು ಮನೆಗೆ ಕಳಿಸಿದರೆ ಏಳರಲ್ಲಿ ಒಬ್ಬ ರೋಗಿ ತಪ್ಪಿಹೋಗುತ್ತಾರೆ. ಕೆಲವು ಹೆಂಗಸರಲ್ಲಿ ಅಂಡಾಶಯದ ಗಡ್ಡೆಯೊಂದು ಇದಕ್ಕೆ ಮೂಲವಾಗಿರುತ್ತದೆ, ಅದನ್ನು ತೆಗೆಯಬೇಕು. ಚಿಕಿತ್ಸೆಗೆ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಬಗ್ಗದಿದ್ದರೆ ರಿಟಕ್ಸಿಮ್ಯಾಬ್ ಇವೆ. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಐವರಲ್ಲಿ ನಾಲ್ವರು ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಪಡೆದವರಿಗೆ ಹೆಚ್ಚು ಲಾಭವಾಗಿತ್ತು.

ಹಾಗೆಂದು ತಲೆನೋವಿಗೂ ಮರೆವಿಗೂ ಎಲ್ಲ ಪ್ರತಿಕಾಯಗಳ ಪ್ಯಾಕೇಜ್ ಬರೆದುಕೊಡುವುದು ಸರಿಯಲ್ಲ. ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಜನರಲ್ಲಿ ನಿಜವಾಗಿ ಕಾಯಿಲೆ ಇರುವವರು 5 ಮಂದಿ ಎಂದಿಟ್ಟುಕೊಳ್ಳೋಣ. ಕಾಯಿಲೆ ಇಲ್ಲದ ನೂರು ಜನರಲ್ಲಿ ಒಬ್ಬರಿಗೆ ಮಾತ್ರ ತಪ್ಪಾಗಿ ‘ಪಾಸಿಟಿವ್’ ಹೇಳುವ ಒಳ್ಳೆಯ ಪರೀಕ್ಷೆಯೇ ಆದರೂ ಉಳಿದ 995 ಜನರಲ್ಲಿ ಸುಮಾರು 10 ಮಂದಿಗೆ ಇಲ್ಲದ ಕಾಯಿಲೆ ಅಂಟಿಸುತ್ತದೆ. ನಿಜವಾದ 5ಕ್ಕೆ ಸುಳ್ಳಿನ 10. ಆ ಹತ್ತು ಮಂದಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವನ್ನು ವರ್ಷಗಟ್ಟಲೆ ತಿಂದು, ಸೋಂಕುಗಳಿಗೆ ಮೈಯೊಡ್ಡುತ್ತಾರೆ. ಮಾಗ್ ಪ್ರತಿಕಾಯ ತೀರಾ ಕಡಿಮೆ ಪ್ರಮಾಣದಲ್ಲಿ ಕಂಡಾಗ ತಜ್ಞರು ಹಿಂಜರಿಯುವುದು ಇದೇ ಕಾರಣಕ್ಕೆ. ರೋಗಿಯ ಲಕ್ಷಣ, ಎಂಆರ್‌ಐ ಚಿತ್ರ, ಬೆನ್ನಿನ ನೀರಿನ ಕೋಶಗಳ ಎಣಿಕೆ ಇವುಗಳ ಜೊತೆ ಇಟ್ಟು ಓದಿದರೆ ಮಾತ್ರ ಪ್ರತಿಕಾಯದ ವರದಿಗೆ ಅರ್ಥ. ಸಾವಿರಗಟ್ಟಲೆ ರೂಪಾಯಿಯ ಬಿಲ್ಲು ಮಾಡಿಸಿ, ರೋಗಿಯನ್ನು ಮುಟ್ಟಿ ನೋಡದೆ ವರದಿಗೆ ಔಷಧ ಬರೆಯುವ ಪದ್ಧತಿ ಬೆಳೆಯಬಾರದು.

ಆಸ್ಪತ್ರೆಯಲ್ಲಿ ನಿಂತ ಮನೆಯವರು ಕೇಳಬೇಕಾದದ್ದು ಹೆಚ್ಚೇನಿಲ್ಲ. ಯಾವ ಕಾಯಿಲೆಯ ಅನುಮಾನ? ಅದಕ್ಕೆ ರಕ್ತ ಸಾಕೋ, ಬೆನ್ನಿನ ನೀರೂ ಬೇಕೋ? ಪ್ಲಾಸ್ಮಾ ಬದಲಾವಣೆ ಅಥವಾ ಇಮ್ಯುನೊಗ್ಲಾಬ್ಯುಲಿನ್ ಶುರುವಾಗುವ ಮೊದಲೇ ಮಾದರಿ ತೆಗೆದಿದ್ದೀರಾ? ಈ ಕೊನೆಯ ಪ್ರಶ್ನೆ ಮುಖ್ಯ, ಏಕೆಂದರೆ ಚಿಕಿತ್ಸೆಯೇ ಪ್ರತಿಕಾಯವನ್ನು ಅಳಿಸಿಹಾಕಬಹುದು, ಇಲ್ಲವೇ ಬೇರೆಯವರ ಪ್ರತಿಕಾಯವನ್ನು ಒಳಗೆ ತರಬಹುದು. ಮಾದರಿ ತೆಗೆದಾದ ಮೇಲೆ ವರದಿಗಾಗಿ ಚಿಕಿತ್ಸೆ ಕಾಯಬೇಕಿಲ್ಲ. ತೆಗೆದ ನೀರಿನಲ್ಲಿ ಒಂದಿಷ್ಟನ್ನು ಶೀತಲ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ ಎಂದು ಕೇಳಿದರೆ ಮುಂದೆ ಇನ್ನೊಂದು ಪರೀಕ್ಷೆ ಬೇಕಾದಾಗ ಮತ್ತೊಮ್ಮೆ ಚುಚ್ಚುವುದು ತಪ್ಪೀತು.

ಒಂದು ಕಣ್ಣು ಎರಡು ಮೂರು ದಿನಗಳಲ್ಲಿ ಮಂಜಾಗಿ ಅಲುಗಾಡಿಸಿದರೆ ನೋಯುತ್ತಿದ್ದರೆ, ಕಾಲುಗಳು ದಿನದಿಂದ ದಿನಕ್ಕೆ ಜೋಮು ಹಿಡಿದು ಮೂತ್ರ ಕಟ್ಟಿಕೊಂಡರೆ, ಬಿಕ್ಕಳಿಕೆ ವಾಂತಿ ಕಾರಣವಿಲ್ಲದೆ ವಾರವಾದರೂ ನಿಲ್ಲದಿದ್ದರೆ, ಹರೆಯದವರ ವರ್ತನೆ ಕೆಲವೇ ದಿನಗಳಲ್ಲಿ ಬುಡಮೇಲಾಗಿ ಫಿಟ್ಸ್ ಬಂದರೆ, ದಯವಿಟ್ಟು ಕಾಯಬೇಡಿ. ಹಳೆಯ ವರದಿಗಳ ಫೈಲು, ತಿನ್ನುತ್ತಿರುವ ಮಾತ್ರೆಗಳ ಚೀಟಿ ಹಿಡಿದುಕೊಂಡು ಕೂಡಲೇ ನರರೋಗ ತಜ್ಞರನ್ನು ಕಾಣಿ. ಅವರು ಬೆನ್ನಿನ ನೀರು ಬೇಕು ಎಂದರೆ ಕಾರಣ ಕೇಳಿ ತಿಳಿದುಕೊಂಡು ಒಪ್ಪಿಗೆ ಕೊಡಿ.